ಅಪ್ಪ ಆರಿಸಿದ ಕಬ್ಬಿಣದ ಮಷೀನು

ನಾನು ಚಿಕ್ಕವನಿದ್ದಾಗ, ಒಂದು ಭಾನುವಾರ ಸಂಜೆಯಿಂದ ಮರುದಿನ ಬೆಳಗಿನವರೆಗೆ, ನಮ್ಮ ಮನೆಯ ನಲ್ಲಿಗೆ ಹೆದರಿಕೊಂಡು ಬದುಕಿದ್ದೆ. ಬಚ್ಚಲುಮನೆಯ ಗೋಡೆಯಲ್ಲಿದ್ದ ಸಾಧಾರಣ ಹಿತ್ತಾಳೆ ನಲ್ಲಿ ಅದು. ದಿನಾ ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದದ್ದು ಅದರ ಮುಂದೆಯೇ. ಆ ಹೆದರಿಕೆಯನ್ನು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನಿಮಗೆ ತಿಳಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮಕ್ಕಳೇ, ಇದರಲ್ಲಿ ಬರುವ ಅಕ್ಕ ಬೇರೆ ಯಾರೂ ಅಲ್ಲ, ನಿಮ್ಮ ಅಜ್ಜಿ. ಬರೆಯಲು ಕೂರುವ ಮೊದಲು ಅವಳಿಗೆ ಫೋನ್ ಮಾಡಿದೆ. ನಮ್ಮ ಬಟ್ಟೆ ಒಗೆಯುವ ಮಷೀನಿನ ಬಣ್ಣ ಬೂದಿ ಎಂದು ನಾನು, ತಿಳಿಹಸಿರು ಎಂದು ಅವಳು, ಅರ್ಧ ಗಂಟೆ ವಾದ ಮಾಡಿದೆವು. ನಲವತ್ತು ವರ್ಷದ ಹಿಂದಿನದನ್ನು ಮನಸ್ಸು ತನಗೆ ಬೇಕಾದ ಬಣ್ಣ ಹಚ್ಚಿಯೇ ಎತ್ತಿಡುತ್ತದೆ. ಹಾಗಾಗಿ ಬಣ್ಣವನ್ನು ಬಿಟ್ಟು ಬರೆಯುತ್ತೇನೆ. ಹೆದರಿಕೆಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಆಗ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಒಂದೇ ಸಾಲಿನಲ್ಲಿ ನಾಲ್ಕು ಮನೆ, ನಾಲ್ಕಕ್ಕೂ ಸೇರಿ ಮೇಲೆ ತಾರಸಿಯಲ್ಲಿ ಒಂದು ನೀರಿನ ಟ್ಯಾಂಕು. ಅಪ್ಪ ಹತ್ತಿರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಅವರ ಖಾಕಿ ಬಟ್ಟೆಗೆ ಎಣ್ಣೆಯ, ಬಿಸಿ ಕಬ್ಬಿಣದ ವಾಸನೆ. ಅದನ್ನು ಒಗೆಯುವುದೆಂದರೆ ಕುಸ್ತಿಯೇ. ಮೊದಲು ಅಮ್ಮ ಒಗೆಯುತ್ತಿದ್ದಳು. ಆ ವರ್ಷ ಬಚ್ಚಲಲ್ಲಿ ಜಾರಿಬಿದ್ದು ಅವಳ ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಬಟ್ಟೆ ಹಿಂಡುವ ಶಕ್ತಿ ಮಾತ್ರ ಮರಳಿ ಬರಲಿಲ್ಲ. ಒಗೆಯುವ ಕಲ್ಲು ಅಕ್ಕನ ಪಾಲಿಗೆ ಬಂತು.

ಅಕ್ಕ ಎರಡನೇ ಪಿಯುಸಿ ಓದುತ್ತಿದ್ದಳು. ಬೆಳಿಗ್ಗೆ ಒಗೆದು ಮುಗಿಸಿ ಬಸ್ಸು ಹಿಡಿಯುವ ಹೊತ್ತಿಗೆ ಮೊದಲ ಎರಡು ತರಗತಿ ಮುಗಿದಿರುತ್ತಿದ್ದವು. ಒಂದು ದಿನ ಕಾಲೇಜಿನಿಂದ ಚೀಟಿ ಬಂತು. ಇನ್ನು ಹೀಗೇ ತಪ್ಪಿಸಿಕೊಂಡರೆ ಹಾಜರಾತಿ ಸಾಲುವುದಿಲ್ಲ, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು. ಅಪ್ಪ ನಿಂತುಕೊಂಡೇ ಅದನ್ನು ಎರಡು ಸಲ ಓದಿದರು. ಅಕ್ಕನ ಕೈ ನೋಡಿದರು. ಸೋಡಾ ಹಾಕಿದ ನೀರಿಗೆ ಅವಳ ಬೆರಳ ಸಂದುಗಳು ಬಿರಿದಿದ್ದವು. ‘ಮಷೀನು ತರೋಣ’ ಎಂದರು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲದ ವಸ್ತು ಅದು.

ಭಾನುವಾರ ಅಂಗಡಿಗೆ ನಾವು ಮೂವರು ಹೋದೆವು. ಅಪ್ಪ ಒಂದು ಗೋಣಿಚೀಲದಲ್ಲಿ ವಾರದ ಕೊಳೆ ಖಾಕಿಯನ್ನೆಲ್ಲ ತುಂಬಿಕೊಂಡಿದ್ದರು. ಅಂಗಡಿಯವನ ಎದುರು ಚೀಲ ಬಿಚ್ಚಿ, ‘ಇದನ್ನ ಒಗೆದು ತೋರಿಸಿ, ಆಮೇಲೆ ಮಾತು’ ಎಂದಾಗ ಅಕ್ಕ ನಾಚಿಕೆಯಿಂದ ರಸ್ತೆ ನೋಡುತ್ತಾ ನಿಂತಳು. ಅಂಗಡಿಯಲ್ಲಿ ಎರಡು ಮಷೀನುಗಳಿದ್ದವು. ಒಂದರ ಮೈ ಪ್ಲಾಸ್ಟಿಕ್ಕಿನದು, ಇನ್ನೊಂದರದು ಕಬ್ಬಿಣದ್ದು. ಅಪ್ಪ ಎರಡನ್ನೂ ಬೆರಳ ಗೆಣ್ಣಿನಿಂದ ತಟ್ಟಿದರು, ಹಲಸಿನಹಣ್ಣು ತಟ್ಟುವವರ ಹಾಗೆ. ಮಷೀನು ತಿರುಗುವಾಗ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಮಷೀನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದರು. ಕಾರ್ಖಾನೆಯಲ್ಲಿ ಬೇರಿಂಗ್ ಸರಿಯಿದೆಯೇ ಎಂದು ಕೇಳುವುದು ಹಾಗೆಯೇ ಅಂತೆ.

‘ಏನ್ ಸಾರ್, ಎದೆ ಬಡಿತ ಸರಿಯಾಗಿದ್ಯಾ?’ ಎಂದ ಅಂಗಡಿಯವನು.

‘ಇದಕ್ಕಿದೆ. ಆ ಪ್ಲಾಸ್ಟಿಕ್ ಡಬ್ಬಕ್ಕೆ ಎದೇನೇ ಇಲ್ಲ.’

‘ಸಾರ್, ಬಚ್ಚಲಲ್ಲಿ ಇಡೋದಾದ್ರೆ ಪ್ಲಾಸ್ಟಿಕ್ಕೇ ವಾಸಿ. ನೀರು ಬಿದ್ರೂ ಚಿಂತೆ ಇಲ್ಲ.’

‘ನಾನು ಹುಟ್ಟೋಕೆ ಮುಂಚಿನ ಲೇತ್ ಇದೆ ನಮ್ಮ ಕಾರ್ಖಾನೇಲಿ. ಇವತ್ತಿಗೂ ಕೂದಲೆಳೆ ವ್ಯತ್ಯಾಸ ಬರಲ್ಲ. ಯಾಕೆ ಹೇಳಿ? ಕಬ್ಬಿಣ. ಬಾಳಿಕೆ ಬರೋದು ಅಂದ್ರೆ ಕಬ್ಬಿಣ ಸ್ವಾಮಿ.’

ಹೀಗೆ ಕಬ್ಬಿಣದ್ದು ನಮ್ಮದಾಯಿತು. ಅದರಿಂದ ಬಟ್ಟೆ ಒಗೆಯಬೇಕಾದವಳು ಅಕ್ಕ. ನಿನಗೆ ಯಾವುದು ಬೇಕು ಎಂದು ಅವಳನ್ನು ಯಾರೂ ಕೇಳಲಿಲ್ಲ. ನಾನಂತೂ ಅಪ್ಪನ ಪಕ್ಷ. ಅಪ್ಪ ತಟ್ಟಿದ ಜಾಗದಲ್ಲೇ ನಾನೂ ತಟ್ಟಿ, ದೊಡ್ಡವನ ಹಾಗೆ ತಲೆಯಾಡಿಸಿದ್ದೆ.

ಟೆಂಪೋದಲ್ಲಿ ಮಷೀನು ಮನೆಗೆ ಬಂತು. ಇಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ಅಪ್ಪನಿಗೆ ಅದು ಇನ್ನೂ ಗಟ್ಟಿಯಾಗಬೇಕಿತ್ತು. ಅಡಿಯಲ್ಲಿದ್ದ ನಾಲ್ಕು ರಬ್ಬರ್ ಕಾಲುಗಳನ್ನು ಬಿಚ್ಚಿ, ‘ಇವು ಆರು ತಿಂಗಳಿಗೆ ಸವೆದು ಹೋಗ್ತವೆ’ ಎಂದು ಪಕ್ಕಕ್ಕೆ ಇಟ್ಟರು. ಕಾರ್ಖಾನೆಯಲ್ಲಿ ತಾವೇ ಮಾಡಿಟ್ಟಿದ್ದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮಷೀನನ್ನು ಕೂರಿಸಿ, ನಾಲ್ಕು ಮೂಲೆಗೂ ಉದ್ದುದ್ದ ಬೋಲ್ಟು ಹಾಕಿ ಬಿಗಿದರು. ಕೊನೆಯ ಬೋಲ್ಟನ್ನು ನನಗೆ ಬಿಟ್ಟುಕೊಟ್ಟರು. ಸ್ಪ್ಯಾನರ್ ತಣ್ಣಗಿತ್ತು, ಭಾರವಾಗಿತ್ತು. ಬೋಲ್ಟು ಬಿಗಿಯಾಗಿ ನಿಂತಿತು. ನಾನು ಹಲ್ಲು ಕಚ್ಚಿ ಇನ್ನೊಂದು ಸುತ್ತು ತಿರುಗಿಸಿದೆ.

ಬಚ್ಚಲಿನ ಪ್ಲಗ್ ಪಾಯಿಂಟಿನಲ್ಲಿ ಮೂರು ತೂತಿದ್ದರೂ ಮೂರನೆಯದರ ಹಿಂದೆ ವೈರೇ ಇರಲಿಲ್ಲ. ಮೂರನೆಯದು ಅರ್ತ್. ಮಷೀನಿನ ಒಳಗೆ ಎಲ್ಲಾದರೂ ವೈರು ಕೆಟ್ಟು ಮೈಗೆ ಕರೆಂಟ್ ಬಂದರೆ ಅದನ್ನು ನಮ್ಮ ಮೈಗೆ ಬಿಡದೆ ನೆಲಕ್ಕೆ ಇಳಿಸುವ ವೈರು. ಅದು ಬೇಕೇ ಬೇಕು ಎಂದು ಅಪ್ಪನಿಗೆ ಗೊತ್ತಿತ್ತು. ಅದಕ್ಕೇ ಸ್ಟ್ಯಾಂಡಿನಿಂದ ಒಂದು ದಪ್ಪ ತಾಮ್ರದ ತಂತಿ ಎಳೆದು, ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿದರು. ‘ಪೈಪು ಭೂಮಿಗೆ ಹೋಗತ್ತೆ. ಭೂಮಿತಾಯಿ ಎಲ್ಲಾ ಕುಡೀತಾಳೆ’ ಎಂದರು. ಅಮ್ಮ ಮಷೀನಿಗೆ ಕುಂಕುಮ ಇಟ್ಟು, ಎಡಗೈಯಲ್ಲೇ ಆರತಿ ಎತ್ತಿದಳು.

ಸಂಜೆ ಮೊದಲ ಸಲ ಮಷೀನು ನಮ್ಮ ಮನೆಯಲ್ಲಿ ತಿರುಗಿತು. ಗುರ್ರ್ ಎಂಬ ಸದ್ದು, ಸೋಪಿನ ಪರಿಮಳ, ಗಾಜಿನಂತೆ ಹೊಳೆಯುವ ನೊರೆ. ಅಕ್ಕ ನಡುಮನೆಯಲ್ಲಿ ಕಾಲು ಚಾಚಿ ಪುಸ್ತಕ ತೆರೆದಿದ್ದಳು. ಆ ಹೊತ್ತಿನಲ್ಲಿ ಅವಳು ಕೂತಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ನಾನು ಆಟ ಮುಗಿಸಿ ಬಂದು ಕಾಲು ತೊಳೆಯಲು ನಲ್ಲಿಯ ಮೇಲೆ ಕೈ ಇಟ್ಟೆ.

ಜುಮ್ ಎಂದಿತು. ಬೆರಳಿನಿಂದ ಮೊಣಕೈವರೆಗೆ ಇರುವೆಗಳ ಸಾಲೊಂದು ಚರ್ಮದ ಒಳಗೇ ಓಡಿದ ಹಾಗೆ. ಕೈ ತಾನಾಗಿಯೇ ಹಿಂದಕ್ಕೆ ಬಂತು. ನಲ್ಲಿಯನ್ನೇ ನೋಡುತ್ತಾ ನಿಂತೆ. ಅದು ಎಂದಿನ ಹಾಗೆ ತೊಟ್ಟಿಕ್ಕುತ್ತಿತ್ತು. ಮತ್ತೆ ಒಂದೇ ಬೆರಳು ತಾಗಿಸಿದೆ. ಮತ್ತೆ ಇರುವೆ. ಹವಾಯಿ ಚಪ್ಪಲಿ ಹಾಕಿಕೊಂಡು ಬಂದು ಮುಟ್ಟಿದೆ. ಏನೂ ಇಲ್ಲ. ಮಷೀನು ನಿಂತು, ಅಪ್ಪ ಪ್ಲಗ್ಗು ಕಿತ್ತ ಮೇಲೆ ಬರಿಗಾಲಲ್ಲಿ ಮುಟ್ಟಿದೆ. ಆಗಲೂ ಏನೂ ಇಲ್ಲ. ನೀವು ಹೀಗೆಲ್ಲ ಮುಟ್ಟಿ ನೋಡಬೇಡಿ. ಆವತ್ತು ನಾನು ಬದುಕಿದ್ದು ಜಾಣತನದಿಂದಲ್ಲ.

ಒಡನೆಯೇ ಕೂಗಬೇಕಿತ್ತು. ನಡುಮನೆಯಲ್ಲಿ ಅಪ್ಪ ಒಗೆದ ಖಾಕಿಯನ್ನು ದೀಪಕ್ಕೆ ಹಿಡಿದು, ‘ನೋಡೇ, ಹೊಸದರ ಥರ ಆಗಿದೆ’ ಎಂದು ಅಮ್ಮನಿಗೆ ತೋರಿಸುತ್ತಿದ್ದರು. ಹೇಳಿದರೆ ಮಷೀನು ವಾಪಸು ಹೋಗುತ್ತದೆ, ಅಕ್ಕ ಕಲ್ಲಿಗೆ ವಾಪಸು ಹೋಗುತ್ತಾಳೆ, ಪರೀಕ್ಷೆ ಹೋಗುತ್ತದೆ. ಇನ್ನೊಂದು ಕಾರಣವೂ ಇತ್ತು. ಆ ಕೊನೆಯ ಸುತ್ತು. ನಾನು ಹೆಚ್ಚಿಗೆ ತಿರುಗಿಸಿದ್ದರಿಂದಲೇ ಒಳಗೆ ಏನೋ ಆಗಿದೆ ಎಂದು ನನಗೆ ಖಾತರಿಯಾಗಿತ್ತು. ಅಕ್ಕನ ಮೇಲಿನ ಪ್ರೀತಿಯಿಂದ ಸುಮ್ಮನಿದ್ದೆನೋ, ಅಪ್ಪನ ಭಯದಿಂದಲೋ? ಪ್ರೀತಿಯಿಂದ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಚೆನ್ನಾಗಿ ಕಾಣುವ ಕಾರಣಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಸೋಮವಾರ ಅಪ್ಪ ಬೆಳಗಿನ ಪಾಳಿಗೆ ಹೊರಟುಹೋದರು. ಅಮ್ಮ ಸೀಮೆಎಣ್ಣೆಯ ಸಾಲಿಗೆ ಹೋದಳು. ಅಕ್ಕ ಬಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೊರಟಾಗ ನಾನು ಅವಳ ಕಾಲ ಮುಂದೆ ಚಪ್ಪಲಿ ತಂದಿಟ್ಟೆ.

‘ಬಚ್ಚಲಿಗೆ ಯಾಕೋ ಚಪ್ಪಲಿ?’

‘ನೆಲ ಜಾರತ್ತೆ. ನೀನೂ ಅಮ್ಮನ ಥರ ಬಿದ್ಬಿಡ್ತೀಯ ಕಣೇ.’

‘ಅಬ್ಬಾ, ದೊರೆಗೆ ನನ್ನ ಮೇಲೆ ಭಾರಿ ಕಾಳಜಿ ಬಂದ್ಬಿಡ್ತು!’ ಎಂದು ನಕ್ಕಳು. ಆದರೂ ಹಾಕಿಕೊಂಡಳು.

ನಾನು ಬಾಗಿಲಲ್ಲೇ ನಿಂತೆ. ಅವಳು ನಲ್ಲಿ ತಿರುಗಿಸಿದಳು, ಕೊಳವೆಯಿಂದ ಮಷೀನಿಗೆ ನೀರು ತುಂಬಿದಳು, ಸ್ವಿಚ್ ಹಾಕಿದಳು. ಪ್ರತಿ ಸಲ ಅವಳ ಕೈ ನಲ್ಲಿಯ ಹತ್ತಿರ ಹೋದಾಗ ನಾನು ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದೆ. ಅವಳ ಹಿಮ್ಮಡಿಯನ್ನೇ ನೋಡುತ್ತಿದ್ದೆ. ಚಪ್ಪಲಿಯಿಂದ ಹೊರಗೆ ಬಂತೇ, ಒದ್ದೆ ನೆಲಕ್ಕೆ ತಾಗಿತೇ? ಏನೂ ಆಗಲಿಲ್ಲ. ಅವಳು ಪುಸ್ತಕ ಹಿಡಿದು ನಡುಮನೆಗೆ ಹೋದಳು. ದಿನಾ ಹೀಗೆ ಚಪ್ಪಲಿ ತಂದಿಟ್ಟರಾಯಿತು, ಪರೀಕ್ಷೆ ಮುಗಿಯುವವರೆಗೆ ಎಂದು ಲೆಕ್ಕ ಹಾಕಿದೆ.

ಆಗ ಗೋಡೆಯ ಆಚೆ ಪಾತ್ರೆಯ ಸದ್ದಾಯಿತು. ಪಕ್ಕದ ಮನೆಯ ಆಂಟಿ ತಮ್ಮ ಕೂಸಿಗೆ ನೀರು ಹಾಕಲು ಅಣಿಮಾಡುತ್ತಿದ್ದರು. ಆರು ತಿಂಗಳ ಕೂಸು. ದಿನಾ ಆ ಹೊತ್ತಿಗೆ ಕೂಸಿನ ಕೇಕೆ, ಆಂಟಿಯ ‘ಲಾಲಾ ಲಾಲಾ’ ಕೇಳುತ್ತಿತ್ತು. ಅವರ ಬಚ್ಚಲೂ ನಮ್ಮ ಬಚ್ಚಲೂ ಬೆನ್ನಿಗೆ ಬೆನ್ನು. ನನ್ನ ಕಣ್ಣು ನಮ್ಮ ನಲ್ಲಿಯ ಪೈಪಿನ ಮೇಲೆ ಹೋಯಿತು. ತಾಮ್ರದ ತಂತಿ ಸುತ್ತಿದ್ದ ಜಾಗದಿಂದ ಆ ಪೈಪು ಒಂದು ಗೇಣು ಮುಂದೆ ಸಾಗಿ ಗೋಡೆಯೊಳಗೆ ನುಗ್ಗಿತ್ತು. ಹುಟ್ಟಿದಾಗಿನಿಂದ ನೋಡಿದ್ದ ಪೈಪು. ಅದು ಗೋಡೆಯ ಆಚೆಗೂ ಹೋಗುತ್ತದೆ ಎಂದು ನನಗೆ ಹೊಳೆದದ್ದು ಆ ಕ್ಷಣ. ನಾನು ಚಪ್ಪಲಿ ಹಾಕಿಸಿದ್ದು ಅಕ್ಕನಿಗೆ ಮಾತ್ರ.

ಆಚೆ ‘ಅಯ್ಯಮ್ಮಾ!’ ಎಂದು ಆಂಟಿ ಚೀರಿದರು. ಪಾತ್ರೆ ಉರುಳಿತು. ಕೂಸು ಅಳತೊಡಗಿತು.

ನಾನು ಓಡಿದೆ. ಮೈನ್ ಸ್ವಿಚ್ ಮುಂಬಾಗಿಲ ಪಕ್ಕ ಎತ್ತರದಲ್ಲಿತ್ತು. ಸ್ಟೂಲು ಎಳೆದು ಹತ್ತಿ, ಎರಡೂ ಕೈಯಿಂದ ಹಿಡಿ ಜಗ್ಗಿದೆ. ಅದು ಬಿಗಿಯಾಗಿತ್ತು, ಅಲುಗಲಿಲ್ಲ. ಜೋತುಬಿದ್ದೆ. ಖಟ್ ಎಂದು ಕೆಳಗೆ ಬಂತು. ಮಷೀನಿನ ಗುರ್ರ್ ನಿಧಾನವಾಗಿ ಇಳಿದು ಸತ್ತಿತು. ಕೂಸು ಇನ್ನೂ ಅಳುತ್ತಿತ್ತು. ಆ ಅಳು ಕೇಳಿದಾಗ ನನಗಾದ ಸಮಾಧಾನವನ್ನು ಹೇಗೆ ಹೇಳಲಿ? ಅಳುತ್ತಿದೆ ಎಂದರೆ ಇದೆ.

‘ಕರೆಂಟ್ ಹೋಯ್ತಲ್ಲೋ’ ಎಂದು ಎದ್ದುಬಂದ ಅಕ್ಕ ಸ್ಟೂಲಿನ ಮೇಲಿದ್ದ ನನ್ನ ಮುಖ ನೋಡಿ ನಿಂತುಬಿಟ್ಟಳು. ‘ನಲ್ಲಿ ಮುಟ್ಟಬೇಡ’ ಎಂದೆ. ಅಷ್ಟೇ ಹೊರಟದ್ದು. ಅಷ್ಟರಲ್ಲಿ ಆಂಟಿ ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. ‘ಏನೇ ಇದು? ನಲ್ಲಿ ಮುಟ್ಟಿದ್ರೆ ಕೈ ಹಿಡ್ಕೊಂಡು ಎಳ್ದಂಗಾಯ್ತು! ಸದ್ಯ, ಮಗೂನ ಇನ್ನೂ ಕೆಳಗೇ ಮಲಗ್ಸಿದ್ದೆ’ ಎಂದರು.

ಅಕ್ಕ ಯಾರನ್ನೂ ಬಚ್ಚಲಿಗೆ ಬಿಡಲಿಲ್ಲ. ವಠಾರದ ಉಳಿದಿಬ್ಬರ ಮನೆಗೂ ಕೂಗಿ, ನಲ್ಲಿಯಿಂದ ದೂರ ಇರಿ ಎಂದಳು. ಅಪ್ಪನ ಸಾಮಾನಿನ ಡಬ್ಬಿಯಿಂದ ಟೆಸ್ಟರ್ ತೆಗೆದು, ಚಪ್ಪಲಿ ಸರಿಯಾಗಿ ಹಾಕಿಕೊಂಡು, ಮೈನ್ ಹಾಕು ಎಂದು ನನಗೆ ಹೇಳಿ, ಟೆಸ್ಟರಿನ ತುದಿಯನ್ನು ನಲ್ಲಿಗೆ ತಾಗಿಸಿದಳು. ಟೆಸ್ಟರಿನ ಒಳಗಿನ ಪುಟ್ಟ ದೀಪ ಕೆಂಪಗೆ ಹತ್ತಿತು. ನೀರು ಬರುವ ನಲ್ಲಿಯಿಂದ ಬೆಂಕಿಯ ಬಣ್ಣದ ಬೆಳಕು. ಮೈನ್ ತೆಗೆಸಿ, ಪ್ಲಗ್ಗು ಕಿತ್ತು, ಅವಳು ನನ್ನ ಕಡೆ ತಿರುಗಿದಳು.

‘ನಿಂಗೆ ಮೊದಲೇ ಗೊತ್ತಿತ್ತಾ?’

‘ನಿನ್ನೆ ಸಂಜೆ.’

ಫಟ್ಟನೆ ಕೆನ್ನೆಗೆ ಬಿತ್ತು. ಆಮೇಲೆ ಅವಳು ತನ್ನ ಕಾಲಿನ ಚಪ್ಪಲಿ ನೋಡಿಕೊಂಡಳು. ಬಹಳ ಹೊತ್ತು ನೋಡಿದಳು.

ಸಂಜೆ ಅಪ್ಪ ಬಂದಾಗ ನಾನು ಮಂಚದ ಮೂಲೆಯಲ್ಲಿದ್ದೆ. ಅಕ್ಕನೇ ಎಲ್ಲ ಹೇಳಿದಳು. ಅಪ್ಪ ಮೊದಲು ನಂಬಲಿಲ್ಲ. ‘ಪೈಪಿಗೆ ಅರ್ತ್ ಕೊಟ್ಟಿದೀನಿ ಕಣಮ್ಮ, ಅದು ಹೆಂಗೆ ಹೊಡೆಯತ್ತೆ?’

‘ಅಪ್ಪ, ಆ ಪೈಪು ಈಗ ಭೂಮಿಗೆ ಹೋಗಲ್ಲ. ಟ್ಯಾಂಕ್ ಕಟ್ಟಿಸಿದಾಗ ಓನರು ಕೆಳಗಿನ ಪೈಪೆಲ್ಲ ಕಿತ್ತು ಕಪ್ಪು ಪ್ಲಾಸ್ಟಿಕ್ಕಿಂದು ಹಾಕ್ಸಿದ್ರಲ್ಲ. ಆಗ ನೀವು ಡ್ಯೂಟೀಲಿದ್ರಿ. ನಾನು ನೋಡ್ತಾ ಇದ್ದೆ.’

ಅಪ್ಪ ತಾರಸಿ ಹತ್ತಿದರು. ಹಿತ್ತಲಿಗೆ ಹೋಗಿ ಬಗ್ಗಿ ನೋಡಿದರು. ಒಳಗೆ ಬಂದು ಮಷೀನಿನ ಅಡಿ ಬಿಚ್ಚಿದರು. ಒಂದು ಬೋಲ್ಟಿನ ತುದಿ ಒಳಗಿನ ವೈರನ್ನು ತಗಡಿಗೆ ಒತ್ತಿಹಿಡಿದಿತ್ತು. ಮೇಲಿನ ಹೊದಿಕೆ ಸೀಳಿ ತಾಮ್ರ ಮಿನುಗುತ್ತಿತ್ತು. ಅಂಗಡಿಯಿಂದ ಬಂದಾಗ ಮಷೀನು ಸರಿಯಾಗಿಯೇ ಇತ್ತು. ಅದನ್ನು ಗಟ್ಟಿ ಮಾಡಹೊರಟು ಕೆಡಿಸಿದ್ದು ನಾವು. ಯಾವ ಮೂಲೆಯ ಬೋಲ್ಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಅಪ್ಪ ತಾವಾಗಿ ಹೇಳಲೂ ಇಲ್ಲ. ಮೊನ್ನೆ ಫೋನಿನಲ್ಲಿ ಅಕ್ಕ, ‘ನೀನು ಸ್ಪ್ಯಾನರ್ ಮುಟ್ಟೇ ಇಲ್ಲ ಕಣೋ, ಆವತ್ತು ಮಧ್ಯಾಹ್ನ ಬೀದೀಲಿ ಗೋಲಿ ಆಡ್ತಾ ಇದ್ದೆ’ ಎಂದಳು. ನಲವತ್ತು ವರ್ಷ ಹೊತ್ತ ಆ ಒಂದು ಸುತ್ತನ್ನು ನಾನು ತಿರುಗಿಸಿಯೇ ಇಲ್ಲವೇ? ಸ್ಪ್ಯಾನರಿನ ತಣ್ಣನೆಯ ಭಾರ ನನ್ನ ಅಂಗೈಯಲ್ಲಿ ಈಗಲೂ ಇದೆ. ಅವಳು ಸುಳ್ಳು ಹೇಳುವವಳಲ್ಲ. ಯಾರನ್ನು ನಂಬಲಿ?

ಬೋಲ್ಟುಗಳನ್ನೆಲ್ಲ ಬಿಚ್ಚಿಟ್ಟು ಅಪ್ಪ ಎದ್ದು, ಎಣ್ಣೆಗೈ ಒರೆಸಿಕೊಂಡು ಪಕ್ಕದ ಮನೆಗೆ ಹೋದರು. ನಾನು ಕಿಟಕಿಯಿಂದ ನೋಡಿದೆ. ತಮಗಿಂತ ಎಷ್ಟೋ ಚಿಕ್ಕವರಾದ ಆಂಟಿಯ ಮುಂದೆ ಅಪ್ಪ ಕೈಮುಗಿದು ನಿಂತಿದ್ದರು. ‘ತಪ್ಪು ನಂದೇ ತಾಯಿ’ ಎಂದದ್ದು ಕೇಳಿಸಿತು. ಅಪ್ಪ ಯಾರ ಎದುರೂ ಹಾಗೆ ನಿಂತದ್ದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅವರು ಮರಳಿ ಬಂದಾಗ ಈಗ ನನ್ನ ಸರದಿ ಎಂದು ಗೋಡೆಗೆ ಒತ್ತಿಕೊಂಡೆ. ಅಪ್ಪ ಮಂಚದ ಅಂಚಿನಲ್ಲಿ ಕೂತು ಕೇಳಿದರು.

‘ನನಗೆ ಹೇಳೋಕೆ ಅಷ್ಟು ಭಯ ಆಯ್ತೇನೋ?’

ನಾನು ಹೌದೆಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಮನೆಯ ಓನರನ್ನು ಒಪ್ಪಿಸಿ, ಎಲೆಕ್ಟ್ರಿಷಿಯನ್ ಕರೆಸಿ, ಹಿತ್ತಲಲ್ಲಿ ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬಿ ಸರಿಯಾದ ಅರ್ತ್ ಹಾಕಿಸಲು ಒಂದೂವರೆ ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಮಷೀನು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಅಕ್ಕ ಕಲ್ಲಿಗೆ ಮರಳಲಿಲ್ಲ. ಮಂಗಳವಾರ ಬೆಳಗಿನ ಜಾವವೇ ಬಚ್ಚಲಿನಿಂದ ದಪ್ ದಪ್ ಸದ್ದು ಕೇಳಿ ಎದ್ದೆ. ಅಪ್ಪ ಪಂಚೆ ಮೇಲೆ ಕಟ್ಟಿ, ತಮ್ಮ ಖಾಕಿಯನ್ನು ತಾವೇ ಕಲ್ಲಿಗೆ ಬಡಿಯುತ್ತಿದ್ದರು. ಆಮೇಲೆ ನಮ್ಮೆಲ್ಲರ ಬಟ್ಟೆ. ವಠಾರದ ಹೆಂಗಸರು ನೋಡಿ ನಕ್ಕರು. ‘ಏನ್ರೀ, ಹೊಸ ಮಷೀನು ಬಹಳ ಚೆನ್ನಾಗಿ ಒಗೆಯತ್ತೆ’ ಎಂದು ಒಬ್ಬರು ಅಮ್ಮನನ್ನು ಚುಚ್ಚಿದರು. ಅಪ್ಪ ತಲೆ ಎತ್ತಲಿಲ್ಲ. ಅಕ್ಕ ಮೊದಲನೆಯ ತರಗತಿಗೇ ಕಾಲೇಜು ಸೇರುತ್ತಿದ್ದಳು. ಪರೀಕ್ಷೆಗೆ ಕೂತಳು, ಪಾಸಾದಳು.

ನೀವಿರುವ ಕೆಂಗೇರಿಯ ಫ್ಲ್ಯಾಟಿನಲ್ಲಿ ಹೋದ ತಿಂಗಳು ಹೊಸ ಮಷೀನು ಬಂತಲ್ಲ. ಅದನ್ನು ಆರಿಸಿದ್ದು ಸೋಫಾದ ಮೇಲೆ ಕೂತು, ಫೋನಿನಲ್ಲಿ. ಎಷ್ಟು ವರ್ಷದ ಗ್ಯಾರಂಟಿ, ಕೊಂಡವರು ಏನು ಬರೆದಿದ್ದಾರೆ, ಎಲ್ಲವನ್ನೂ ದೊಡ್ಡವಳು ಗಟ್ಟಿಯಾಗಿ ಓದಿ ಹೇಳಿದಳು. ಯಾರೂ ಅದನ್ನು ತಟ್ಟಿ ನೋಡಲಿಲ್ಲ. ಎಲ್ಲಿಯಾದರೂ ಕರೆಂಟು ಸೋರಿದರೆ ತಾನಾಗಿಯೇ ಬಿದ್ದುಬಿಡುವ ಸ್ವಿಚ್ಚು ನಿಮ್ಮ ಮನೆಯ ಗೋಡೆಯ ಪೆಟ್ಟಿಗೆಯಲ್ಲಿದೆ. ನಲ್ಲಿಗೆ ಹೆದರುವುದು ಎಂದರೇನು ಎಂದು ನಿಮಗೆ ತಿಳಿಯುವುದಿಲ್ಲ. ತಿಳಿಯದಿರಲಿ.

ಕಳೆದ ಭಾನುವಾರ ನಾನು ಬಂದಿದ್ದಾಗ ಚಿಕ್ಕವಳು ಊಟದ ಮಧ್ಯೆ ಎದ್ದುಬಂದು, ‘ಚಿಕ್ಕ ತಾತ, ಮಷೀನು ಟಕ್ ಟಕ್ ಅಂತಿದೆ’ ಎಂದಳು. ‘ಹೊಸದು ಪುಟ್ಟಾ, ಏನೂ ಆಗಿರಲ್ಲ, ಊಟ ಮಾಡು’ ಎಂದ ಅವಳಪ್ಪ. ಆರಿಸಿದವನು ಅವನೇ. ಅವಳು ಕದಲಲಿಲ್ಲ. ‘ಇಲ್ಲ, ಅಂತಿದೆ. ನನ್ನ ಕ್ಲಿಪ್ಪು ಜೇಬಲ್ಲಿತ್ತು ಅನ್ಸತ್ತೆ. ನಾನೇ ತೆಗೀಲಿಲ್ಲ’ ಎಂದಳು, ಅಪ್ಪನ ಮುಖವನ್ನೇ ನೋಡುತ್ತಾ, ಒಂದಿಷ್ಟೂ ಅಳುಕದೆ. ಕ್ಲಿಪ್ಪು ಸಿಕ್ಕಿತು, ಎಲ್ಲರೂ ನಕ್ಕರು. ನಾನು ನಗಲಾರದೆ ಕೈ ತೊಳೆಯುವ ನೆಪದಲ್ಲಿ ಎದ್ದುಹೋದೆ. ಕಂದಾ, ಅದನ್ನು ಅಪ್ಪನಿಗೆ ಹೇಳಲು ನಿನಗೆ ಒಂದು ನಿಮಿಷ ಸಾಕಾಯಿತು.